ಕಾರು ಕೇಳುವ ಮೈದುನ

ಜನ ರೇಡಿಯೋ ಕೇಳುತ್ತಾರೆ, ಹರಿಕಥೆ ಕೇಳುತ್ತಾರೆ, ಗೋಡೆಗೆ ಕಿವಿ ಹಚ್ಚಿ ಪಕ್ಕದ ಮನೆಯ ಜಗಳ ಕೇಳುತ್ತಾರೆ. ನನ್ನ ಮೈದುನ ಕಾರು ಕೇಳುತ್ತಾನೆ! ಓಡಿಸುವುದು ಅಪರೂಪ. ಓಡಿಸಬೇಕಾದರೆ ಅದು ಓಡಬೇಕಲ್ಲ? ಹಾಗಾಗಿ ಮುಂದಿನ ಮುಚ್ಚಳ ಎತ್ತಿ, ತಲೆ ಒಳಗೆ ತೂರಿಸಿ, ಕೇಳುತ್ತಾ ನಿಲ್ಲುತ್ತಾನೆ. ಹೊಸದಾಗಿ ಬಿಲ್ಡಿಂಗಿಗೆ ಬಂದವರು ಈ ಮುದುಕನನ್ನು ಕಾರು ನುಂಗುತ್ತಿದೆಯೋ ಏನೋ ಎಂದು ಹೆದರುತ್ತಾರೆ. ಹೆದರುವುದು ಬೇಡ. ನುಂಗಿ ಎಷ್ಟೋ ವರ್ಷವಾಯಿತು.

ಇವನು ನನ್ನ ಗಂಡನ ತಮ್ಮ. ನಾನು ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿಗೆ, ಸಾಂತಾಕ್ರೂಜಿನ ಚಾಳಿಗೆ ಬಂದಾಗ ಇವನಿಗೆ ಮೀಸೆ ಮೂಡಿರಲಿಲ್ಲ. ಈಗ ಅದು ಮೂಡಿ, ಬೆಳೆದು, ಬೆಳ್ಳಗೂ ಆಗಿದೆ. ಮದುವೆಯಾಗಲಿಲ್ಲ. ಯಾಕೆ ಎಂದರೆ, "ಹೋಟೆಲಿನಲ್ಲಿ ಪುರುಸೊತ್ತೇ ಸಿಗ್ಲಿಲ್ಲ ಅತ್ತಿಗೆ" ಎನ್ನುತ್ತಾನೆ. ಚಾಳು ಬಿದ್ದು ಬಿಲ್ಡಿಂಗ್ ಎದ್ದಿತು. ನನ್ನ ಗಂಡ ತೀರಿಕೊಂಡರು, ಮಗಳು ದಹಿಸರಿನಲ್ಲಿ ಸಂಸಾರ ಹೂಡಿದಳು. ಎರಡನೇ ಮಾಳಿಗೆಯಲ್ಲಿ ಈಗ ನಾನು, ಅವನು. ಕೆಳಗೆ ಗೇಟಿನ ಪಕ್ಕ ಆ ಕಾರು.

ಅದರ ಕತೆಯನ್ನೂ ಹೇಳಿಬಿಡುತ್ತೇನೆ. ಮೈದುನ ಹೋಟೆಲಿನಲ್ಲಿ ದೋಸೆಯ ತವದ ಮುಂದೆ ಇದ್ದವನು. ಗಿರಾಕಿಗಳ ಕಡೆ ಮುಖ ಮಾಡಿ ಹರಟುತ್ತಲೇ, ಬೆನ್ನ ಹಿಂದಿನ ತವದ ಸದ್ದಿನಿಂದಲೇ ಯಾವ ದೋಸೆ ಮಗುಚಬೇಕೆಂದು ಹೇಳುತ್ತಿದ್ದ. ಬೈಕುಲ್ಲಾ ಮಾರ್ಕೆಟಿನಿಂದ ತರಕಾರಿ ತರಲು ಧಣಿಗಳು ಒಂದು ಕಾರು ಇಟ್ಟಿದ್ದರು. ಡ್ರೈವರ್ ಊರಿಗೆ ಹೋದವನು ತಿರುಗಿ ಬರಲಿಲ್ಲ; ಆ ಕೆಲಸವೂ ಇವನ ತಲೆಗೇ ಬಿತ್ತು. ತವದ ಸದ್ದು ಕೇಳುತ್ತಿದ್ದ ಕಿವಿ ಇಂಜಿನ್ನಿನ ಸದ್ದು ಕೇಳತೊಡಗಿತು. ಹೋಟೆಲು ಮುಚ್ಚಿದಾಗ ಧಣಿಗಳು, "ನಿನಗೆ ಎಂತ ಬೇಕಾ?" ಎಂದು ಕೇಳಿದರಂತೆ. ರುಬ್ಬುವ ಗ್ರೈಂಡರ್ ಕೇಳಿದ್ದರೆ ನನಗಾದರೂ ಪ್ರಯೋಜನವಾಗುತ್ತಿತ್ತು. ಇವನು ಕಾರು ಕೇಳಿದ! ಇವತ್ತಿಗೂ ಅದರ ಡಿಕ್ಕಿ ತೆರೆದರೆ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತದೆ.

ಅವನ ಕಿವಿಯ ಪ್ರತಾಪವನ್ನು ನಾನು ಅನುಭವಿಸಿದ್ದೇನೆ. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಾ ಕೂತವನು ಇದ್ದಕ್ಕಿದ್ದ ಹಾಗೆ ಎದ್ದು, ರಸ್ತೆಯಲ್ಲಿ ಹೋಗುವ ಟ್ಯಾಕ್ಸಿಗೆ ಕೂಗುತ್ತಿದ್ದ: "ಓ ಭಾಯ್! ತೀಸ್ರಾ ಪ್ಲಗ್ ಮಿಸ್ ಮಾರ್ತಾ ಹೈ!" ಟ್ಯಾಕ್ಸಿಯವನು ತಲೆ ಹೊರಗೆ ಹಾಕಿ ಏನೋ ಬೈಯುತ್ತಿದ್ದ. ಅಷ್ಟರಲ್ಲಿ ಇವನು ಚಹಾದ ಮುಂದೆ ಕೂತಾಗಿರುತ್ತಿತ್ತು. ಬಾಲ್ಕನಿಯಲ್ಲಿ ಕಾಣುತ್ತಿದ್ದುದು ಬಟ್ಟೆ ಒಣಹಾಕುವ ನಾನು. ಒಮ್ಮೆ ಹಾಗೆ ಬೈದವನೇ ಮರುದಿನ ಪೇಡೆಯ ಪೊಟ್ಟಣ ತಂದ. ಹೌದಂತೆ, ಮೂರನೇ ಪ್ಲಗ್ಗೇ ಅಂತೆ! ಪೇಡೆ ನಾನು ತಿಂದೆ. ಬೈಗುಳ ತಿಂದವರು ಪೇಡೆ ಬಿಡಬೇಕೆಂದು ಎಲ್ಲಿ ಬರೆದಿದೆ?

ಹಳೆಯ ಕಾರು ಹೊರಡುವುದಿಲ್ಲ ಎಂದರೆ ಬಹಳ ಸಲ ತಪ್ಪು ಕರೆಂಟಿನದ್ದು ಎನ್ನುತ್ತಾನೆ ಅವನು. ನನಗೆ ಅರ್ಥವಾಗಲಿ ಎಂದು ಎಲ್ಲವನ್ನೂ ಊಟದ ಮನೆಗೆ ತಂದು ವಿವರಿಸಿದ್ದಾನೆ. ಬ್ಯಾಟರಿ ಎಂದರೆ ಉಗ್ರಾಣ. ಅಲ್ಲಿಂದ ಸ್ವಲ್ಪ ಕರೆಂಟು ಕಾಯಿಲ್ ಎಂಬ ಡಬ್ಬಿಗೆ ಹೋಗುತ್ತದೆ. ಹೋದದ್ದು ಸ್ವಲ್ಪ, ಹೊರಗೆ ಬರುವುದು ಸಾವಿರಪಟ್ಟು.

"ಗೊತ್ತಾಯ್ತು ಬಿಡು," ಎಂದೆ ನಾನು. "ನಿನ್ನ ಚಿಕ್ಕಮ್ಮ. ಒಂದು ಮಾತು ಒಳಗೆ ಹಾಕಿದ್ರೆ ಸಾವಿರ ಹೊರಗೆ."

"ಹಾಂ, ಹಾಗೇ! ಆ ಸಾವಿರವನ್ನು ನಾಲ್ಕು ಪ್ಲಗ್ಗಿಗೆ ಬಡಿಸ್ಲಿಕ್ಕೆ ಒಬ್ಬ ಭಟ್ಟ ಬೇಕಲ್ಲ? ಅವನೇ ಡಿಸ್ಟ್ರಿಬ್ಯೂಟರ್. ಒಳಗೆ ತಿರುಗ್ತಾ ಬಡಿಸ್ತಾ ಹೋಗ್ತಾನೆ. ಒಂದು, ಮೂರು, ನಾಲ್ಕು, ಎರಡು."

"ಇದೆಂಥ ಪಂಕ್ತಿಭೇದ ಮಾರಾಯಾ? ಎರಡನೇ ಎಲೆಯವನು ಎಂತ ಪಾಪ ಮಾಡಿದ್ದಾನೆ?"

ಆಮೇಲೆ ಅವನು ಒಂದು ಮಾತು ಹೇಳಿದ, ಅದು ನನ್ನ ತಲೆಯಲ್ಲಿ ನಿಂತಿದೆ. "ಅತ್ತಿಗೆ, ಗಾಡಿ ನಿಂತ್ರೆ ಎಲ್ಲವನ್ನೂ ಬಿಚ್ಚಿ ಹಾಕ್ಲಿಕ್ಕೆ ಹೋಗ್ಬಾರ್ದು. ಉಗ್ರಾಣದಿಂದ ಹೊರಡ್ಬೇಕು. ಕರೆಂಟು ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು? ಅಷ್ಟೇ ನೋಡುದು."

ಎಷ್ಟು ಸರಿಯಾದ ಮಾತು! ಮನೆಯಲ್ಲಿ ಏನಾದರೂ ಕೆಟ್ಟರೆ ನಾವು ಹೀಗೆ ನೋಡುತ್ತೇವೆಯೇ? ಎಲ್ಲಿವರೆಗೆ ಸರಿಯಿತ್ತು, ಎಲ್ಲಿ ತಪ್ಪಿತು ಎಂದು ಒಂದೊಂದೇ ಹೆಜ್ಜೆ ಹೋಗುತ್ತೇವೆಯೇ? ಇಲ್ಲ. ಸೀದಾ ಹೋಗಿ ಸೊಸೆಯನ್ನು ಹಿಡಿಯುತ್ತೇವೆ.

ಈ ರಿಪೇರಿಯಲ್ಲಿ ನನಗೂ ಒಂದು ಹುದ್ದೆ ಇತ್ತು. ಡ್ರೈವರ್ ಸೀಟಿನಲ್ಲಿ ಕೂತು, ಅವನು "ಹ್ಞೂಂ" ಎಂದಾಗ ಕೀಲಿ ತಿರುಗಿಸುವುದು, "ಸಾಕು" ಎಂದಾಗ ಬಿಡುವುದು. ಅವನು ಮುಂದೆ ನಿಂತು ಕೇಳುವುದು. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಸಾಂತಾಕ್ರೂಜಿನಲ್ಲಿ ನನ್ನಷ್ಟು ಹೊತ್ತು ಡ್ರೈವರ್ ಸೀಟಿನಲ್ಲಿ ಕೂತ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಈ ವರ್ಷ ಸೊಸೈಟಿಯ ಸೆಕ್ರೆಟರಿ ಕಲ್ಲು ಹಾಕಿದ. ಅವನು ಮರಾಠಿಯವನು, ಕೆಟ್ಟವನಲ್ಲ, ಹುದ್ದೆ ಕೆಟ್ಟದ್ದು. ಮನೆಗೇ ಬಂದು ಕೂತು ಹೇಳಿದ: "ಆಜಿ, ಕಾಕಾ ಕೀ ಗಾಡಿ ಕಾ ಪೇಪರ್ ಖತಮ್ ಹೋ ರಹಾ ಹೈ. ಪಾಸಿಂಗ್ ಕರಾವೋ, ನಹೀ ತೋ ಭಂಗಾರ್ ಮೇ ದೇದೋ." ಕಾರಿನ ಕಾಗದದ ಅವಧಿ ಮುಗಿಯುತ್ತಾ ಬಂತಂತೆ; ಭಂಗಾರ್ ಎಂದರೆ ಇಲ್ಲಿ ಗುಜರಿ. ಹಳೆಯ ಗಾಡಿಯನ್ನು ಸರಕಾರದವರ ಮುಂದೆ ಒಯ್ದು, ಅದು ಓಡುತ್ತದೆ, ನಿಲ್ಲುತ್ತದೆ, ದೀಪ ಉರಿಯುತ್ತದೆ ಎಂದು ತೋರಿಸಿದರೆ ಹೊಸ ಕಾಗದ ಕೊಡುತ್ತಾರೆ. ಅದಕ್ಕೇ ಪಾಸಿಂಗ್ ಎನ್ನುವುದು. ನಮಗೆ ಸಿಕ್ಕಿದ್ದು ದಸರೆಯ ಮರುದಿನ. ಅಂದು ಪಾಸಾಗದಿದ್ದರೆ ಕಾರು ತೂಕಕ್ಕೆ.

ಆ ದಿನ ಊಟಕ್ಕೆ ಕೂತ ಮೈದುನ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ. ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ.

ಮರುದಿನದಿಂದ ಸಿದ್ಧತೆ. ಮೊದಲು ಕಂಡೆನ್ಸರ್ ಬದಲಿಸಬೇಕೆಂದ. ಅದು ಹೆಬ್ಬೆರಳಿನಷ್ಟು ಡಬ್ಬಿ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕಿಡಿ ಹಾರಿ ಸುಡದಂತೆ ಹೆಚ್ಚಿನ ಕರೆಂಟನ್ನು ನುಂಗಿಕೊಳ್ಳುತ್ತದೆಯಂತೆ. ನನಗೂ ಮಾರ್ಕೆಟಿನ ಕೆಲಸವಿತ್ತು, ಜೊತೆಗೆ ಬೈಕುಲ್ಲಾಕ್ಕೆ ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ಬಿಜಾಪುರ ಕಡೆಯ ಸಾಹೇಬರದೊಂದು ಹಳೇ ಬಿಡಿಭಾಗಗಳ ಅಂಗಡಿ. ಅವರಿಬ್ಬರೂ ಮಾತಾಡುವುದು ಕನ್ನಡವೇ. ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತದೆಯೋ ಎಂಬುದು ನನ್ನ ಹಳೆಯ ಸಂಶಯ.

"ಹೊಸಾದು ಒಯ್ರೀ ಕಾಕಾ. ಡಬ್ಬಿ ಸೈತ ಒಡದಿಲ್ಲ."

"ಹೊಸತು ಬೇಡ ಮಾರಾಯ್ರೇ. ಬಿಸಿ ಆದ ಕೂಡ್ಲೇ ಮಲಗ್ತದೆ. ಹಳೇ ಗಾಡಿಯಿಂದ ಬಿಚ್ಚಿದ್ದು ಉಂಟಾ?"

"ಜಗತ್ತೆಲ್ಲಾ ಹೊಸಾದ ಬೇಡತೈತಿ, ಇವರಿಗೆ ಹಳೇದ ಬೇಕು! ತಗೋರಿ, ಪುಟ್ಟಿ ತುಂಬ ಐತಿ."

ಕಂಡೆನ್ಸರ್ ಜೀವಂತ ಉಂಟೋ ಇಲ್ಲವೋ ನೋಡಲು ಅವರದೊಂದು ಪದ್ಧತಿ: ಅಂಗಡಿಯ ಕರೆಂಟು ಒಂದು ಚೂರು ತಾಗಿಸಿ, ಆಮೇಲೆ ಅದರ ವಯರನ್ನು ಅದರ ಮೈಗೇ ಮುಟ್ಟಿಸುವುದು. ಚಟ್ ಎಂದರೆ ಬದುಕಿದೆ. ಮನೆಯಲ್ಲಿ ಯಾರೂ ಮಾಡಬೇಡಿ. ಕಂಡೆನ್ಸರಿನ ಜೊತೆ ನೀವೂ ಚಟ್ ಎನ್ನುತ್ತೀರಿ. ಸಾಹೇಬರು ಮುಟ್ಟಿಸಿದರು.

"ಇದು ಸತ್ತಿದೆ," ಎಂದ ಮೈದುನ.

"ಏನಂತೀರಿ! ಚಟ್ ಅಂತಲ್ರೀ!"

"ಇನ್ನೊಂದು ಕೊಡಿ." ಅದನ್ನೂ ಮುಟ್ಟಿಸಿದರು. "ಇದೂ ಸತ್ತಿದೆ."

"ಯವ್ವಾ, ನೀವಾರೆ ಹೇಳ್ರಿ ಇವರಿಗೆ!" ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ಓಣಿಗೆಲ್ಲಾ ಕೇಳಿಸ್ತು, ಇವರಿಗೆ ಕೇಳಿಸಲಿಲ್ಲಂದ್ರ ಹ್ಯಾಂಗ್ರೀ?"

ನನಗೂ ಕೇಳಿಸಿತ್ತು. ಆದರೆ ಮೈದುನ ಬದನೆಕಾಯಿ ಆರಿಸುವಾಗಲೂ ಹೀಗೆ ಇಡೀ ಗಾಡಿಯನ್ನು ಮಗುಚಿ ಹಾಕುವವನು. ಅವನ ಹಟ ಎಂದುಕೊಂಡೆ. ಆ ಬುಟ್ಟಿಯೆಲ್ಲ ಸಾಯಿಸಿದ ಮೇಲೆ ಅವನು ಕಣ್ಣು ಹತ್ತಿರ ತಂದು ಕಿಡಿ ನೋಡಿ ಒಂದನ್ನು ಆರಿಸಿದ. ಸಾಹೇಬರು ಹಣೆ ಚಚ್ಚಿಕೊಂಡರು. ಅದು ಮೊದಲು ಮುಟ್ಟಿಸಿದ್ದೇ ಆಗಿತ್ತು.

ಆಮೇಲೆ ಪರೀಕ್ಷೆಯ ಓಟ. ದಹಿಸರಿಗೆ ಮಗಳ ಮನೆಗೆ ಹೋಗಿಬರುವುದೆಂದು ತೀರ್ಮಾನ. ನಾನು ಸುಕ್ಕಿನುಂಡೆ, ಬಾಟಲಿಯಲ್ಲಿ ಮಜ್ಜಿಗೆ ಕಟ್ಟಿಕೊಂಡು ಹೊರಟೆ. ಕಾರು ಚೆನ್ನಾಗಿಯೇ ಹೋಯಿತು, ಹೈವೇಯ ಫ್ಲೈಓವರಿನ ನೆತ್ತಿಯವರೆಗೆ! ಅಲ್ಲಿ ಒಂದು ಸಲ ಬಿಕ್ಕಿ ನಿಂತಿತು. ಹಿಂದೆ ಇಡೀ ಮುಂಬಯಿ ಹಾರ್ನ್ ಹೊಡೆಯುತ್ತಿತ್ತು. ಮೈದುನ ಮಾತ್ರ ತಣ್ಣಗೆ ಇಳಿದು, ಮುಚ್ಚಳ ಎತ್ತಿ, ಕಾಯಿಲ್ ಮುಟ್ಟಿ, "ಕಾವಲಿ ಆಗಿದೆ ಅತ್ತಿಗೆ. ಬಿಸಿ ಆದ್ರೆ ಇದು ಕೆಲಸ ಬಿಡ್ತದೆ. ತಂಪು ಮಾಡ್ಬೇಕು. ನೀರು ಕೊಡಿ" ಎಂದ.

"ನೀರು ನೀನೇ ರೇಡಿಯೇಟರಿಗೆ ಹೊಯ್ದೆ."

ಅವನು ಮಜ್ಜಿಗೆಯ ಬಾಟಲಿ ನೋಡಿದ. ನಾನು ಅವನನ್ನು ನೋಡಿದೆ. ಅವನು ನನ್ನ ಕರ್ಚೀಫು ಕೇಳಿದ. ಇಂಗು, ಕರಿಬೇವು, ಹಸಿಮೆಣಸು ಹಾಕಿದ ಮಜ್ಜಿಗೆಯಲ್ಲಿ ಅದ್ದಿ, ಹಿಂಡಿ, ಕಾಯಿಲ್‌ನ ಹೊಟ್ಟೆಗೆ ಸುತ್ತಿದ, ಜ್ವರ ಬಂದ ಮಗುವಿನ ಹಣೆಗೆ ಸುತ್ತುವ ಹಾಗೆ. ಸ್ವಲ್ಪ ಹೊತ್ತಿಗೆ ಕಾರು ಹೊರಟಿತು! ಬಾಗಿಲು ತೆರೆದ ಮಗಳು ಮೂಗು ಮುಚ್ಚಿಕೊಂಡು, "ಎಂತಮ್ಮ, ಗಾಡಿ ಪೆಟ್ರೋಲಲ್ಲಿ ಓಡ್ತದಾ, ಮಜ್ಜಿಗೆಹುಳಿಯಲ್ಲಾ?" ಎಂದಳು.

ಅಲ್ಲಿ ಟಿ.ವಿ.ಯ ಸದ್ದನ್ನು ಅವನು ಎಷ್ಟು ಏರಿಸಿದನೆಂದರೆ ಮಗಳು ನನ್ನ ಕಿವಿಯಲ್ಲಿ ಏನೋ ಹೇಳಿದಳು. ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ.

ಕಾಯಿಲ್ ಬದಲಾಯಿತು. ಬ್ಯಾಟರಿಯ ತುದಿಗಳನ್ನು ಬಿಸಿನೀರು ಹೊಯ್ದು ತಿಕ್ಕಿದ. ಪಾಯಿಂಟುಗಳನ್ನು ಉಜ್ಜಿ ನಡುವೆ ಎಷ್ಟು ಸಂದು ಬೇಕೋ ಅಷ್ಟೇ ಇಟ್ಟ. ದಸರೆಯ ಮುಂಚಿನ ದಿನ ಕಾರು ಕೀಲಿ ಮುಟ್ಟಿದರೆ ಸಾಕು, ಹೊರಡುತ್ತಿತ್ತು.

ಮಾರನೆಯ ದಿನ ದಸರಾ, ಗಾಡಿಗಳ ಪೂಜೆ. ಪ್ರತಿವರ್ಷವೂ ಮಾಡುವುದೇ: ಬಾನೆಟ್ಟಿಗೆ ಸ್ವಸ್ತಿಕ, ಚಕ್ರಕ್ಕೆ ಕುಂಕುಮ, ಗೊಂಡೆಹೂವಿನ ಮಾಲೆ, ತೆಂಗಿನಕಾಯಿ. ಈ ವರ್ಷ ಅಷ್ಟು ಸಾಕೆನಿಸಲಿಲ್ಲ ಅವನಿಗೆ. ಮರುದಿನ ಪರೀಕ್ಷೆಯಲ್ಲವೇ? ಮಿಂದು, ಪಂಚೆ ಉಟ್ಟು, ಊರಿನಿಂದ ತಂದ ಕೊರಡಿನಲ್ಲಿ ತೇಯ್ದ ಗಂಧದ ಬಟ್ಟಲು ಹಿಡಿದು, ಮುಚ್ಚಳ ಎತ್ತಿದ. ಬ್ಯಾಟರಿಗೆ ಗಂಧ. ಕಾಯಿಲ್‌ಗೆ ಗಂಧ. ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕಂತೂ, ಅದರ ವಯರುಗಳ ಬುಡದಲ್ಲೆಲ್ಲಾ ಬೆರಳಿನಲ್ಲಿ ಒತ್ತಿ ಒತ್ತಿ ಹಚ್ಚಿದ. ಕುಂಕುಮ ಇಟ್ಟ, ದಾಸವಾಳ ಸಿಕ್ಕಿಸಿದ.

"ಇಷ್ಟು ಯಾಕಾ?" ಎಂದೆ.

"ಬಡಿಸುವವನಿಗೇ ಪೂಜೆ ತಪ್ಪಿದ್ರೆ ಹೇಗೆ ಅತ್ತಿಗೆ?"

ಮರುದಿನ ಬೆಳಿಗ್ಗೆ ನಾನು ನನ್ನ ಸೀಟಿನಲ್ಲಿ ಕೂತೆ. "ಹ್ಞೂಂ" ಎಂದ. ತಿರುಗಿಸಿದೆ. ರ್‍ರ್, ರ್‍ರ್, ರ್‍ರ್. ಒಂದು ಕೆಮ್ಮು. ಮತ್ತೆ ಕೆಮ್ಮು. ಆಮೇಲೆ ಏನೂ ಇಲ್ಲ.

ಅವನು ಗಾಬರಿಯಾಗಲಿಲ್ಲ. ಉಗ್ರಾಣದಿಂದ ಹೊರಟ. ಹಾರ್ನ್ ಒತ್ತಿಸಿದ, ಬ್ಯಾಟರಿ ಸರಿ. ಪಾಯಿಂಟು ನೋಡಿದ, ಸರಿ. ಕಾಯಿಲ್‌ನಿಂದ ಬರುವ ದಪ್ಪ ವಯರು ಕಿತ್ತು ಇಂಜಿನ್ನಿನ ಹತ್ತಿರ ಹಿಡಿದು ನನ್ನಿಂದ ಕೀಲಿ ತಿರುಗಿಸಿದ: ನೀಲಿ ಕಿಡಿ ಹಾರಿತು, ಅದೂ ಸರಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆಲ್ಲ ಒರೆಸಿ, ಬಿರುಕು ಹುಡುಕಿ, ಮತ್ತೆ ಮುಚ್ಚಿದ. ಹೊರಗಿನ ಗಂಧವನ್ನು ಮುಟ್ಟಲಿಲ್ಲ. ಪ್ರಸಾದವನ್ನು ಯಾರು ಅನುಮಾನಿಸುತ್ತಾರೆ? ಕಾಯಿಲ್‌ವರೆಗೆ ಕರೆಂಟು ಬಂದಿದೆ, ಪ್ಲಗ್ಗಿಗೆ ಸಿಗುತ್ತಿಲ್ಲ. ನಡುವೆ ಎಲ್ಲಿ ಸೋರುತ್ತಿದೆ?

ಸೆಕ್ರೆಟರಿ ಮೆಟ್ಟಿಲಿನ ಮೇಲೆ ಬಂದು ನಿಂತಿದ್ದ. ಕೈಯಲ್ಲಿ ಫೋನು ಹಿಡಿದುಕೊಂಡಿದ್ದ. ಯಾರಿಗೆ ಮಾಡಲು ಎಂದು ನಮಗೆ ಗೊತ್ತಿತ್ತು.

ಮೈದುನ ಬೈಕುಲ್ಲಾ ಸಾಹೇಬರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. "ನೀವು ಮಾತಾಡಿ ಅತ್ತಿಗೆ. ನನ್ನ ಕೈ ಗ್ರೀಸ್ ಆಗಿದೆ."

ಕೈಯಲ್ಲಿ ಗ್ರೀಸ್ ಎಲ್ಲಿತ್ತು? ಆಗಷ್ಟೇ ಒರೆಸಿಕೊಂಡಿದ್ದ.

ಸಾಹೇಬರು ಎಲ್ಲ ಕೇಳಿ, "ಯವ್ವಾ, ಕರೆಂಟ್ ಎಲ್ಲೋ ಹೊರಗ ಜಿಗೀತೈತ್ರಿ. ಕತ್ತಲಿದ್ರ ಕಣ್ಣಿಗೆ ಕಾಣಸ್ತಿತ್ತು. ಹಗಲದಾಗ ಕಿವೀಲೆ ಕೇಳಬೇಕು. ಚಿಟ್ ಚಿಟ್ ಅಂತೈತಿ. ಕಾಕಾಗ ಹೇಳ್ರಿ, ಅವರ ಕಿವಿಗೇನು ಹೇಳೂದೈತಿ!" ಎಂದರು.

ಹೇಳಿದೆ. ಅವನು ಬಾಗಿ ನಿಂತ. ನಾನು ಕೀಲಿ ತಿರುಗಿಸಿದೆ. ಇನ್ನೊಂದು ಸಲ ಎಂದ. ತಿರುಗಿಸಿದೆ. ಉದ್ದನೆಯ ಸ್ಕ್ರೂಡ್ರೈವರ್ ತಂದು, ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತನ್ನ ಕಿವಿಗೆ ಇಟ್ಟ. ಇನ್ನೊಂದು ಸಲ. ಗಾಜಿನ ಆಚೆ, ಎತ್ತಿದ ಮುಚ್ಚಳದ ಸಂದಿನಲ್ಲಿ ಅವನ ಮುಖ ನನಗೆ ಕಾಣುತ್ತಿತ್ತು. ಕೇಳುವವನ ಮುಖವಾಗಿರಲಿಲ್ಲ ಅದು. ಬಾಗಿಲು ತಟ್ಟಿ ತಟ್ಟಿ, ಒಳಗೆ ಯಾರೂ ಇಲ್ಲವೇನೋ ಎಂದು ನಿಂತವನ ಮುಖ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಬಂದು ನನ್ನ ಪಕ್ಕದ ಬಾಗಿಲು ತೆರೆದ. ನನ್ನ ಮುಖ ನೋಡಲಿಲ್ಲ.

"ಅತ್ತಿಗೆ, ಇವತ್ತು ಕೀಲಿ ನಾನು ತಿರುಗಿಸ್ತೇನೆ. ನೀವು ಅಲ್ಲಿ ನಿಂತು ಕೇಳಿ."

ಕರೆಂಟು ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು? ಸೀಟಿನಿಂದ ಇಳಿದು ಬಾನೆಟ್ಟಿನವರೆಗೆ ಹೋಗುವ ಆ ನಾಲ್ಕು ಹೆಜ್ಜೆಯ ದಾರಿಯಲ್ಲಿ ನಾನೂ ಉಗ್ರಾಣದಿಂದ ಹೊರಟೆ. ಎರಡನೇ ಮಾಳಿಗೆಯಿಂದ ಟ್ಯಾಕ್ಸಿಯ ಪ್ಲಗ್ ಕೇಳುತ್ತಿದ್ದವನು, ಬರಬರುತ್ತಾ ಗೇಟಿಗೆ ಇಳಿದ. ಆಮೇಲೆ ಬಂಪರಿಗೆ ಬಂದ. ಆಮೇಲೆ ತಲೆ ಒಳಗೆ ತೂರಿಸಿದ. ಆಮೇಲೆ ಸ್ಕ್ರೂಡ್ರೈವರ್. ಬುಟ್ಟಿಯ ತುಂಬ ಸತ್ತ ಕಂಡೆನ್ಸರುಗಳು. ಟಿ.ವಿ. ಫೋನು. ಸದ್ದು ಹೊರಟಿತ್ತು, ಗಾಳಿಯಲ್ಲಿ ಬಂದಿತ್ತು, ಅವನ ಕಿವಿಯ ಬಾಗಿಲವರೆಗೂ ಬಂದಿತ್ತು. ಅಲ್ಲಿ ನಿಂತಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿದೆ. ಕೈ ಎತ್ತಿದೆ. ಅವನು ಕೀಲಿ ತಿರುಗಿಸಿದ.

ರ್‍ರ್, ರ್‍ರ್ ಎನ್ನುವ ದೊಡ್ಡ ಸದ್ದಿನ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದು. ಒಗ್ಗರಣೆಯ ಎಣ್ಣೆ ಕಾದು ಮೊದಲ ಸಾಸಿವೆ ಸಿಡಿಯುತ್ತದಲ್ಲ, ಅದು. ಚಿಟ್. ಚಿಟ್ ಚಿಟ್. ಜೀವಮಾನವೆಲ್ಲ ಕೇಳಿದ ಸದ್ದು ನನಗೆ ತಪ್ಪುತ್ತದೆಯೇ? ಸದ್ದಿನ ಜಾಡು ಹಿಡಿದುಕೊಂಡೇ ಹೋದೆ. ಬ್ಯಾಟರಿಯಲ್ಲಲ್ಲ. ಕಾಯಿಲ್‌ನಲ್ಲಲ್ಲ. ದಾಸವಾಳದ ಕೆಳಗೆ!

"ನಿನ್ನ ಗಂಧ!" ಎಂದು ಕೂಗಿದೆ. "ನಿನ್ನ ಗಂಧ ಸಿಡೀತಾ ಉಂಟು!"

ಅವನು ಇಳಿದು ಓಡಿಬಂದ. ನೋಡಿದ. ರಾತ್ರಿಯಿಡೀ ಆರದೆ ಉಳಿದ ಹಸಿ ಗಂಧ, ಕುಂಕುಮ ಸೇರಿ ಒಂದು ವಯರಿನ ಬುಡದಿಂದ ಇನ್ನೊಂದರ ಬುಡಕ್ಕೆ ಚೆಂದದ ಕಾಲುಹಾದಿ ಆಗಿತ್ತು. ಕರೆಂಟು ಪ್ಲಗ್ಗಿಗೆ ಹೋಗುವುದು ಬಿಟ್ಟು ಆ ಹಾದಿ ಹಿಡಿದಿತ್ತು. ಬಡಿಸುವವನ ಕೈಗೆ ನಾವೇ ಎಣ್ಣೆ ಹಚ್ಚಿದ ಹಾಗೆ! ಅವನು ಬಾಯಿಗೆ ಕೈ ಇಟ್ಟುಕೊಂಡ. ಆಮೇಲೆ ನಗಲಿಕ್ಕೆ ಸುರುಮಾಡಿದ. ಸೆಕ್ರೆಟರಿಗೆ ಒಂದು ಮಾತೂ ತಿಳಿಯದಿದ್ದರೂ ಅವನೂ ನಕ್ಕ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಮೇಲೆ ಮನೆಗೆ ತಂದೆವು. ತೊಳೆದೆ, ಒರೆಸಿದೆ. ಮೈದುನ ನನ್ನ ದೋಸೆಯ ತವವನ್ನು ಸಣ್ಣ ಉರಿಯ ಮೇಲಿಟ್ಟು, ಕೈ ಹಿಡಿದು ಬಿಸಿ ನೋಡಿ, ಒಲೆ ಆರಿಸಿ, ಆ ಮುಚ್ಚಳವನ್ನು ಅದರ ಮೇಲೆ ಬೆಚ್ಚಗೆ ಮಾಡಿದ, ಒಂದು ಸಲ ಮಗುಚಿದ ಕೂಡ. ಎಷ್ಟೋ ವರ್ಷಗಳ ಮೇಲೆ ಅವನನ್ನು ತವದ ಮುಂದೆ ನೋಡಿದೆ. ಈ ಸಲ ಸದ್ದು ಬೇಕಾಗಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿ, "ಆಯ್ತು" ಎಂದ.

ಕಾರು ಒಂದೇ ಕೀಲಿಗೆ ಹೊರಟಿತು.

ಪಾಸಿಂಗಿನ ಅಂಗಳದಲ್ಲಿ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಪರೀಕ್ಷೆ ಮಾಡುವ ಸರಕಾರಿ ಅಧಿಕಾರಿ ಕಿಟಕಿಯ ಹತ್ತಿರ ಬಂದು ಬಾಯೊಳಗೇ ಏನೋ ಹೇಳಿದ. ಮೈದುನ ಮುಂದೆ ನೋಡುತ್ತಾ ಕೂತಿದ್ದ.

"ಹಾರ್ನ್ ಹೊಡೀಬೇಕಂತೆ!" ಎಂದೆ. ಹೊಡೆದ. "ದೀಪ ಹಾಕ್ಬೇಕಂತೆ!" ಹಾಕಿದ. "ಮುಂದೆ ಹೋಗಿ ಬ್ರೇಕ್ ಹಾಕ್ಬೇಕಂತೆ!"

ಅಧಿಕಾರಿ ನನ್ನನ್ನು ನೋಡಿ, "ಮಾಜೀ, ಗಾಡಿ ಕೌನ್ ಚಲಾ ರಹಾ ಹೈ?" ಎಂದ.

"ದೋನೋಂ," ಎಂದೆ. ಓಡಿಸುವವರು ಇಬ್ಬರೂ.

ಕಾಗದ ಬಂದಿದೆ. ಕಾರು ಗೇಟಿನ ಪಕ್ಕದಲ್ಲೇ ಇದೆ. ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಕಿವಿಗೆ ಇಡುವ ಮಿಶಿನಿಗೂ ಬ್ಯಾಟರಿ ಉಂಟಂತೆ ಅತ್ತಿಗೆ. ಅದು ಕೆಟ್ಟರೆ ಯಾರು ನೋಡುದು?" ಎನ್ನುತ್ತಾನೆ. ನೋಡೋಣ. ಹಟಕ್ಕೆ ನಾನೂ ಕಡಿಮೆಯವಳಲ್ಲ.

ಈಗ ಆದಿತ್ಯವಾರ ಕೀಲಿ ತಿರುಗಿಸುವವನು ಅವನು. ಮುಚ್ಚಳದ ಕೆಳಗೆ ನಾನು, ಸೊಂಟ ನೋವು, ಮೂಗಿನ ತುಂಬ ಪೆಟ್ರೋಲ್. ಅವನು ಸೀಟಿನಲ್ಲಿ ಕೂತು, ಕುತ್ತಿಗೆ ಉದ್ದ ಮಾಡಿ, ನನ್ನ ಬಾಯಿಯನ್ನೇ ನೋಡುತ್ತಾ ಕೇಳುತ್ತಾನೆ: "ಅತ್ತಿಗೆ, ಎಂತ ಹೇಳ್ತದೆ?"

"ನಿನ್ನನ್ನು ಬೈತಾ ಉಂಟು!" ಎನ್ನುತ್ತೇನೆ.

ಜೋರಾಗಿಯೇ ಹೇಳುತ್ತೇನೆ. ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ. ಅವನಿಗೂ ಕೇಳಿಸುತ್ತದೆ.